ಸಂದಿ ಬಿಡದ ಕೈ: ಉದ್ಯಮಬಾಗದಲ್ಲಿ ಒಂದು ಕೌಲಿಂಗ್ ಕಟ್ಟಿದ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ತಗಡಿನ ಕೆಲಸದ ಶೆಡ್ ಇದೆ. ಡಕ್ಟ್, ಪ್ಯಾನೆಲ್ ಬೋರ್ಡಿನ ಡಬ್ಬಿ, ಲೇತ್ ಮಷೀನಿನ ಗಾರ್ಡು, ಬೇಸಿಗೆ ಬಂತೆಂದರೆ ಕೂಲರಿನ ಬಾಡಿ. ಇಷ್ಟೇ ನಮ್ಮ ಲೋಕ. ಅಪ್ಪನ ಕಾಲದಿಂದ ನಮ್ಮಲ್ಲಿರುವ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಕಾಕಾ ಅನ್ನುತ್ತೇವೆ. ಅವರ ಕೈಗೆ ಸುತ್ತಮುತ್ತ ಒಂದು ಹೆಸರಿದೆ. ಅವರು ಮಡಚಿದ ಮೂಲೆ ಚಾಕುವಿನ ಬಾಯಿಯ ಹಾಗಿರುತ್ತದೆ. ಅವರು ಕೂಡಿಸಿದ ಎರಡು ತಗಡಿನ ನಡುವೆ ಹ್ಯಾಕ್ಸಾ ಬ್ಲೇಡ್ ತೂರುವುದಿಲ್ಲ. ದೊಡ್ಡ ಹಾಳೆಯಿಂದ ತುಂಡು ಕತ್ತರಿಸಿದರೆ ಉಳಿಯುವ ಚೂರು ಗುಜರಿಯವನಿಗೂ ಬೇಡವಾಗುವಷ್ಟು ಸಣ್ಣದು.

ಕಳೆದ ವರ್ಷ ಮಳೆಗಾಲದಲ್ಲಿ ಬಂದ ಒಂದು ಕೆಲಸದಲ್ಲಿ ಈ ಮೂರೂ ಒಳ್ಳೆಯ ಅಭ್ಯಾಸಗಳೇ ನಮ್ಮನ್ನು ಕೆಡವಿದವು. ಅದರ ಪೂರ್ತಿ ಕಥೆ ಇದು.

ಕೆಲಸ ಬಂದ ಬಗೆ

ವಿಮಾನ ರಿಪೇರಿ ಕಲಿಸುವ ಒಂದು ತರಬೇತಿ ಸಂಸ್ಥೆ ಎರಡು ಸೀಟಿನ ಹಳೆಯ ವಿಮಾನವನ್ನು ಕೊಂಡಿತ್ತು. ಇನ್ನು ಅದು ಹಾರುವುದಿಲ್ಲ. ಹುಡುಗರು ಬಿಚ್ಚಿ ಜೋಡಿಸಿ ಕಲಿಯಬೇಕು, ಎಂಜಿನ್ ನೆಲದ ಮೇಲೆ ಓಡಿಸಿ ನೋಡಬೇಕು, ಅಷ್ಟಕ್ಕೇ. ಲಾರಿಯಲ್ಲಿ ತರುವಾಗ ಬಿಗಿದ ಸರಪಳಿ ಜಾರಿ ಮೂತಿಯ ಬಲಗಡೆ ಒತ್ತಿಬಿಟ್ಟಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ಮುಚ್ಚುವ ತಗಡಿನ ಕವಚ, ಅಂದರೆ ಕೌಲಿಂಗ್, ಕೆಳಭಾಗದಲ್ಲಿ ಚಪ್ಪಟೆಯಾಗಿತ್ತು.

ಅಲ್ಲಿ ಕಲಿಸುವವರು ವಾಯುಪಡೆಯಿಂದ ನಿವೃತ್ತರಾದವರು. ವಿಮಾನದ ಮೈಯ ಕೆಲಸದಲ್ಲೇ ನೌಕರಿ ಮುಗಿಸಿದವರು. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇರುವುದರಿಂದ ಇಂಥವರು ನಮ್ಮೂರಲ್ಲೇ ಮನೆ ಕಟ್ಟಿಕೊಂಡು ಉಳಿದಿರುವುದು ಹೊಸದೇನಲ್ಲ. ನಾವು ಅವರನ್ನು ಸಾಹೇಬರು ಅಂತಲೇ ಕರೆದೆವು. ಅವರು ಹಳೆಯ ತುಂಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ನಮ್ಮ ಟೇಬಲ್ ಮೇಲೆ ಇಟ್ಟರು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾರುವ ವಿಮಾನದ ಭಾಗವನ್ನು ನಮ್ಮಂಥ ಶೆಡ್ಡಿನಲ್ಲಿ ಮಾಡಿ ಹಾಕುವ ಹಾಗಿಲ್ಲ. ಅದಕ್ಕೆ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಇಲಾಖೆ, ಒಪ್ಪಿದ ಸಂಸ್ಥೆ ಬೇಕು, ಒಪ್ಪಿಗೆ ಪಡೆದ ವಿನ್ಯಾಸದ ದಾಖಲೆ ಬೇಕು, ತಗಡಿಗೆ ಪ್ರಮಾಣಪತ್ರ ಬೇಕು, ಕೊನೆಗೆ ಸಹಿ ಹಾಕಲು ಅಧಿಕಾರವಿರುವವರು ಬೇಕು. ಹತ್ತರಗಿಯ ಏರೋಸ್ಪೇಸ್ ಎಸ್‌ಇಝೆಡ್‌ನಲ್ಲಿ ದೊಡ್ಡ ವಿಮಾನಗಳ ಭಾಗ ತಯಾರಾಗುತ್ತವೆ, ಅದು ಬೇರೆಯೇ ಲೋಕ. ನಮಗೆ ಕೆಲಸ ಸಿಕ್ಕಿದ್ದು ಈ ವಿಮಾನ ನೆಲ ಬಿಡುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಆದರೂ ಸಾಹೇಬರು ಮೊದಲ ದಿನವೇ ಹೇಳಿದರು: “ಹಾರೂದಿಲ್ಲ ಅಂತ ಹೆಂಗರ ಮಾಡೂದ್ ಬ್ಯಾಡ. ಹುಡುಗ್ರು ಇದನ್ನ ನೋಡೇ ಕಲಿಯೂದು.”

ಮಾಡಬೇಕಿದ್ದದ್ದು ಇಷ್ಟು. ಬಲಗಡೆಯ ಒಂದು ಪಕ್ಕೆಯ ಹಾಳೆ. ಅದರ ಒಳಗೆ ಕೂರುವ ಮೂರು ಬಲಪಟ್ಟಿ, ಟೋಪಿ ಆಕಾರದವು. ಕೆಳಗೆ ಬಿಸಿಗಾಳಿ ಹೊರಹೋಗುವ ಬಾಯಿಯ ಅಂಚು. ಎಂಜಿನ್ ಪಕ್ಕದಲ್ಲಿ ಗಾಳಿಯನ್ನು ತಿರುಗಿಸುವ ಎರಡು ಸಣ್ಣ ತಗಡು, ಅವಕ್ಕೆ ಬ್ಯಾಫಲ್ ಅನ್ನುತ್ತಾರೆ. ಮೂತಿಯ ಮುಂದಿನ ಉರುಟು ಭಾಗ ಸದ್ಯ ಚೆನ್ನಾಗಿತ್ತು. ಅದೂ ಹೋಗಿದ್ದರೆ ನಾನು ಕೈಮುಗಿದು ಕಳಿಸುತ್ತಿದ್ದೆ.

ತಗಡು

ಕಾಕಾ ಮೊದಲು ಕೇಳಿದ್ದು, “ಜಿಐ ತಗಡ ನಡೀತೈತೇನ್ರಿ?” ನಡೆಯುವುದಿಲ್ಲ. ಜಿಐ ಅಂದರೆ ಸತು ಬಳಿದ ಉಕ್ಕು. ಅಷ್ಟೇ ದಪ್ಪದ ಉಕ್ಕು ಅಲ್ಯೂಮಿನಿಯಂಗಿಂತ ಹತ್ತಿರ ಹತ್ತಿರ ಮೂರು ಪಟ್ಟು ತೂಕ.

ಸಂಸ್ಥೆಯವರೇ 2024-ಟಿ3 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ ತರಿಸಿಕೊಟ್ಟರು. 0.8 ಮಿಮೀ ದಪ್ಪ, ಇಂಚಿನ ಲೆಕ್ಕದಲ್ಲಿ 0.032. ಇದರಲ್ಲಿ ಶೇ. 4ಕ್ಕಿಂತ ಸ್ವಲ್ಪ ಜಾಸ್ತಿ ತಾಮ್ರ ಇರುತ್ತದೆ. ಗಟ್ಟಿತನ ಬರುವುದೇ ಅದರಿಂದ. ಆದರೆ ತಾಮ್ರ ಬೆರೆತ ಅಲ್ಯೂಮಿನಿಯಂ ಬೇಗ ತುಕ್ಕು ತಿನ್ನುತ್ತದೆ. ಅದಕ್ಕೆ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳುವಾದ ಪದರ ಹಾಕಿರುತ್ತಾರೆ. ಒಂದು ಬದಿಗೆ ದಪ್ಪದ ಶೇ. 5, ಅಂದರೆ ನಮ್ಮ ಹಾಳೆಯಲ್ಲಿ 0.04 ಮಿಮೀ.

ಆ 0.04 ಅನ್ನುವ ಸಂಖ್ಯೆ ನಮಗೆ ಹತ್ತು ನಿಮಿಷದಲ್ಲೇ ಅರ್ಥವಾಯಿತು. ಕಾಕಾ ಎಂದಿನಂತೆ ಉಕ್ಕಿನ ಗೀರುಕಡ್ಡಿ ಹಿಡಿದು ಸರ್ರನೆ ಒಂದು ಗೆರೆ ಎಳೆದರು. ಸಾಹೇಬರು ಚಹಾ ಕಪ್ಪು ಕೆಳಗಿಟ್ಟು ಎದ್ದೇಬಿಟ್ಟರು. ಗೀರು ಆ ಪದರವನ್ನು ದಾಟಿ ಒಳಗಿನ ಲೋಹಕ್ಕೆ ಇಳಿದಿತ್ತು. ಅಲ್ಲಿಂದ ತುಕ್ಕು ಶುರುವಾಗುತ್ತದೆ. ನಡುಗುವ ಭಾಗವಾದರೆ ಬಿರುಕೂ ಅಲ್ಲಿಂದಲೇ. ಕತ್ತರಿಸಿ ಬಿಸಾಡುವ ಗೆರೆಯನ್ನು ಬೇಕಾದರೆ ಗೀರಬಹುದು. ಮಡಚುವ ಗೆರೆ, ತೂತಿನ ಗುರುತು ಎಲ್ಲ ತೆಳು ಮಾರ್ಕರ್ ಪೆನ್ನಿನಲ್ಲೇ ಹಾಕಬೇಕು. ಸೀಸದ ಪೆನ್ಸಿಲ್ ಕೂಡ ಬೇಡ, ಅದರ ಇಂಗಾಲ ಅಲ್ಯೂಮಿನಿಯಂ ಜೊತೆ ಸೇರಿ ತುಕ್ಕಿಗೆ ದಾರಿ ಮಾಡುತ್ತದೆ. ಆ ದಿನ ಮಗಳ ಕಂಪಾಸ್ ಪೆಟ್ಟಿಗೆಯಿಂದ ನಾನು ಎರಡು ಪೆನ್ನು ಕದ್ದು ತಂದೆ.

ಮಡಿಕೆ ಸೀಳಿದ್ದು

ಈಗ ನಿಜವಾದ ಕಥೆ. ಬಲಪಟ್ಟಿ ಅಂದರೆ ಉದ್ದನೆಯ ತುಂಡಿಗೆ ನಾಲ್ಕು ಮಡಿಕೆ. ನಮ್ಮ ಫೋಲ್ಡಿಂಗ್ ಮಷೀನಿನಲ್ಲಿ ಇದು ಕಣ್ಣುಮುಚ್ಚಿ ಮಾಡುವ ಕೆಲಸ. ಕಾಕಾ ಮೂರು ಪಟ್ಟಿಗಳನ್ನು ಹಾಳೆಯ ಒಂದು ಅಂಚಿಗೆ ಒತ್ತೊತ್ತಾಗಿ ಗುರುತು ಹಾಕಿ ಕತ್ತರಿಸಿದರು. ತಗಡು ಒಂಚೂರೂ ಹಾಳಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಮೂರೂ ಮಡಚಿ ಮುಗಿಸಿದರು. ಮೂಲೆಗಳು ಚಾಕುವಿನ ಬಾಯಿ. ನನಗಂತೂ ಹೆಮ್ಮೆ ಅನಿಸಿತು.

ಸಾಹೇಬರು ಬಂದು ಒಂದು ಪಟ್ಟಿ ಎತ್ತಿಕೊಂಡು ಬೆಳಕಿಗೆ ಹಿಡಿದರು. ಮಡಿಕೆಯ ಹೊರಮೈ ಮೇಲೆ ಉಗುರು ಆಡಿಸಿದರು. ಏನೂ ಹೇಳಲಿಲ್ಲ. ಪಕ್ಕದ ಫೌಂಡ್ರಿಯಲ್ಲಿ ಡಿಪಿ ಟೆಸ್ಟಿನ ಡಬ್ಬಿ ಇದೆಯಾ ಅಂತ ಕೇಳಿದರು.

ಬೆಳಗಾವಿಯಲ್ಲಿ ಎರಕದ ಕೆಲಸದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಂಪು ಬಣ್ಣದ ದ್ರವ ಹೊಡೆಯಬೇಕು, ಹತ್ತು ನಿಮಿಷ ಬಿಡಬೇಕು, ಚೆನ್ನಾಗಿ ಒರೆಸಬೇಕು, ಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕಿದ್ದರೆ ಅದರೊಳಗೆ ಕೂತ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ. ನಾವು ನಾಲ್ಕು ಜನ ಪಟ್ಟಿಯ ಸುತ್ತ ನಿಂತು ನೋಡುತ್ತಿದ್ದೆವು. ಮೊದಲು ಬರೀ ಬಿಳಿ. ಆಮೇಲೆ ಮಡಿಕೆಯ ಮೇಲೆ ಒಂದು ಕೆಂಪು ಚುಕ್ಕಿ. ಅದರ ಪಕ್ಕ ಇನ್ನೊಂದು. ಎರಡು ನಿಮಿಷದಲ್ಲಿ ಚುಕ್ಕಿಗಳು ಕೂಡಿಕೊಂಡು ಮಡಿಕೆಯ ಉದ್ದಕ್ಕೂ ಹೊಲಿಗೆ ಹಾಕಿದ ಹಾಗೆ ತುಂಡು ತುಂಡು ಕೆಂಪು ಗೆರೆ ಮೂಡಿತು. ಹನ್ನೆರಡು ಮಡಿಕೆಗಳಲ್ಲಿ ಒಂಬತ್ತರಲ್ಲಿ ಗೆರೆ ಇತ್ತು.

“ಕಣ್ಣಿಗಿ ಕಾಣವಲ್ದ ಆಗಿತ್ತಲ್ರೀ,” ಅಂದರು ಕಾಕಾ. ನಲವತ್ತು ವರ್ಷದಲ್ಲಿ ಅವರ ಮಡಿಕೆ ಸೀಳಿದ್ದು ಇದೇ ಮೊದಲು.

ಕಾರಣ ಎರಡು. ತಗಡನ್ನು ಮಡಚಿದಾಗ ಒಳಮೈ ಅದುಮುತ್ತದೆ, ಹೊರಮೈ ಹಿಗ್ಗುತ್ತದೆ. ಮೂಲೆ ಚೂಪಾದಷ್ಟೂ ಹಿಗ್ಗು ಜಾಸ್ತಿ. ಜಿಐ ತಗಡು ಮೆತ್ತಗಿರುತ್ತದೆ, ಪೂರ್ತಿ ಮಡಚಿ ಒತ್ತಿದರೂ ಸಹಿಸಿಕೊಳ್ಳುತ್ತದೆ. 2024-ಟಿ3 ಹಾಗಲ್ಲ. ಟಿ3 ಅಂದರೆ ಕಾಯಿಸಿ ತಣಿಸಿ, ಆಮೇಲೆ ತಣ್ಣಗಿರುವಾಗಲೇ ಸ್ವಲ್ಪ ಎಳೆದು ಗಟ್ಟಿ ಮಾಡಿದ್ದು. ಅದಕ್ಕೆ ಇನ್ನು ಹಿಗ್ಗಲು ಜಾಸ್ತಿ ಶಕ್ತಿ ಉಳಿದಿರುವುದಿಲ್ಲ. ಮಡಿಕೆಯ ಒಳಗಿನ ದುಂಡು, ಅಂದರೆ ಅದರ ತ್ರಿಜ್ಯ, ದಪ್ಪದ ಮೂರ್ನಾಲ್ಕು ಪಟ್ಟಾದರೂ ಇರಬೇಕು. ನಮ್ಮ ಮಷೀನಿನಲ್ಲಿ ತಗಡು ಯಾವುದರ ಮೇಲೆ ಮಡಚುತ್ತದೋ ಆ ಬ್ಲೇಡಿನ ಮೂಗಿನ ದುಂಡು ಇದ್ದದ್ದು ಹೆಚ್ಚೆಂದರೆ 0.8 ಮಿಮೀ.

ಎರಡನೆಯದು ಎಳೆ. ಕಟ್ಟಿಗೆಗೆ ಎಳೆ ಇರುವ ಹಾಗೆ ಉರುಳೆಯಲ್ಲಿ ಲಟ್ಟಿಸಿದ ತಗಡಿಗೂ ಒಂದು ಎಳೆ ಇದೆ. ಮಡಿಕೆಯ ಗೆರೆ ಎಳೆಗೆ ಅಡ್ಡ ಬಂದರೆ ತಗಡು ತಾಳುತ್ತದೆ. ಎಳೆಯ ಉದ್ದಕ್ಕೇ ಬಂದರೆ ಬೇಗ ಸೀಳುತ್ತದೆ. ಇಂಥ ಹಾಳೆಯ ಮೇಲೆ ಕಾರ್ಖಾನೆಯವರು ಲೋಹದ ಸಂಖ್ಯೆಯನ್ನು ಸಾಲಾಗಿ ಅಚ್ಚು ಹಾಕಿರುತ್ತಾರೆ. ಸಾಮಾನ್ಯವಾಗಿ ಆ ಅಕ್ಷರದ ಸಾಲು ಓಡುವ ಕಡೆಗೇ ಎಳೆ. ಕಾಕಾ ತಗಡು ಉಳಿಸಲು ಪಟ್ಟಿಗಳನ್ನು ಆ ಸಾಲಿನ ಉದ್ದಕ್ಕೇ ಮಲಗಿಸಿದ್ದರು. ಉಳಿಸಿದ್ದು ಅಂಗೈಯಗಲ. ಹೋಗಿದ್ದು ಮೂರು ಪಟ್ಟಿ.

ಎರಡನೇ ಸಲ

ಬ್ಲೇಡಿನ ಮೂಗನ್ನು ದುಂಡಗೆ ಮಾಡಬೇಕು. ಹೊಸ ಬ್ಲೇಡ್ ಮಾಡಿಸುವುದಕ್ಕೆ ಸಮಯವಿಲ್ಲ, ಹಳೆಯದನ್ನು ಉಜ್ಜಿದರೆ ಕೂಲರಿನ ಕೆಲಸ ನಿಲ್ಲುತ್ತದೆ. ಕಾಕಾ ರಾತ್ರಿ ಮನೆಗೆ ಹೋಗಿ ಯೋಚಿಸಿಕೊಂಡು ಬಂದರು. ಬ್ಲೇಡಿನ ಮೂಗಿಗೆ 0.8ರ ಮೆತ್ತನೆಯ ತಗಡಿನ ಪಟ್ಟಿಯನ್ನು ಯು ಆಕಾರದಲ್ಲಿ ಬಗ್ಗಿಸಿ ಟೋಪಿಯ ಹಾಗೆ ತೊಡಿಸಿದರು. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. 0.8ಕ್ಕೆ ಮೂರು ಸಲ 0.8 ಕೂಡಿಸಿದರೆ 3.2. ದಪ್ಪದ ನಾಲ್ಕು ಪಟ್ಟು. ಬ್ಲೇಡನ್ನು ಅಷ್ಟೇ ಹಿಂದಕ್ಕೆ ಸರಿಸಿ ಬಿಗಿದರು. ಸಾಹೇಬರು ಬಂದು ನೋಡಿ ನಕ್ಕರು. ವಿಮಾನ ಕಟ್ಟುವವರು ಮಾಡುವುದೂ ಇದೇ ಅಂತೆ.

ಆದರೆ ಮೂಲೆ ದುಂಡಗಾದರೆ ಅಳತೆ ಬದಲಾಗುತ್ತದೆ. ನಮ್ಮ ಶೆಡ್ಡಿನ ಲೆಕ್ಕ ಸುಲಭ: ಹೊರ ಅಳತೆ ಎಲ್ಲ ಕೂಡಿಸು, ಪ್ರತಿ ಮಡಿಕೆಗೆ ಎರಡು ದಪ್ಪ ಕಳೆ. 20 ಮತ್ತು 20ರ ಎಲ್ ಆಕಾರಕ್ಕೆ 40ರಲ್ಲಿ 1.6 ಹೋಗಿ 38.4. ಈ ಲೆಕ್ಕ ಚೂಪು ಮೂಲೆಗೆ ಮಾತ್ರ ಸರಿ.

ಸಾಹೇಬರು ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದ ಸೂತ್ರ ಇದು. ಒಳಗಿನ ದುಂಡನ್ನು 0.01743ರಿಂದ ಗುಣಿಸು. ದಪ್ಪವನ್ನು 0.0078ರಿಂದ ಗುಣಿಸು. ಎರಡನ್ನೂ ಕೂಡಿಸಿ ಎಷ್ಟು ಡಿಗ್ರಿ ಮಡಿಕೆಯೋ ಅಷ್ಟರಿಂದ ಗುಣಿಸು. 3.2ರ ದುಂಡು, 0.8ರ ದಪ್ಪ, 90 ಡಿಗ್ರಿ ಅಂದರೆ 5.58 ಮಿಮೀ. ಮಡಿಕೆ ತಿನ್ನುವ ತಗಡು ಅಷ್ಟು. ಇನ್ನು ಎರಡು ಕಾಲುಗಳಲ್ಲಿ ಚಪ್ಪಟೆಯಾಗಿ ಉಳಿಯುವುದು ಎಷ್ಟು? ಪ್ರತಿ ಕಾಲಿನಿಂದ ದುಂಡು ಮತ್ತು ದಪ್ಪ ಎರಡೂ ಸೇರಿ 4 ಮಿಮೀ ಹೋಗುತ್ತದೆ. 16 ಮತ್ತು 16, ಜೊತೆಗೆ 5.58, ಒಟ್ಟು 37.58.

ನಮ್ಮ ಲೆಕ್ಕಕ್ಕೂ ಇದಕ್ಕೂ 0.8 ವ್ಯತ್ಯಾಸ. ಡಕ್ಟಿನಲ್ಲಿ ಇದನ್ನು ಯಾರು ಕೇಳುತ್ತಾರೆ? ಆದರೆ ನಾಲ್ಕು ಮಡಿಕೆಯ ಬಲಪಟ್ಟಿಯಲ್ಲಿ ಅದು 3 ಮಿಮೀಗಿಂತ ಜಾಸ್ತಿಯಾಗುತ್ತದೆ. ಅಷ್ಟು ಹೊರಗೆ ಚಾಚಿದರೆ ಪಕ್ಕದ ಭಾಗಕ್ಕೆ ತಾಗುತ್ತದೆ, ರಿವೆಟಿನ ಸಾಲು ಜಾಗ ಬಿಡುತ್ತದೆ.

ಇನ್ನೊಂದು ಕಾಟ, ಈ ತಗಡು ಮಡಚಿ ಬಿಟ್ಟ ತಕ್ಷಣ ಹಿಂದಕ್ಕೆ ಚಿಮ್ಮುತ್ತದೆ. 90 ಬೇಕೆಂದರೆ ಐದಾರು ಡಿಗ್ರಿ ಜಾಸ್ತಿ ಒತ್ತಬೇಕಾಯಿತು. ನಾವು ಉಳಿದ ಚೂರುಗಳಲ್ಲಿ ಏಳೆಂಟು ಮಡಿಕೆ ಹಾಕಿ ಕೈ ಕೂರಿಸಿಕೊಂಡೆವು. ಮಡಚುವ ಮೊದಲು ಅಂಚುಗಳನ್ನೆಲ್ಲ ಕಾನಸಿನಿಂದ ಉದ್ದಕ್ಕೆ ಉಜ್ಜಿ ನಯ ಮಾಡಿದೆವು, ಕತ್ತರಿಯ ಹಲ್ಲಿನ ಗುರುತಿನಿಂದಲೂ ಬಿರುಕು ಹುಟ್ಟುತ್ತದೆ. ಈ ಸಲ ಪಟ್ಟಿಗಳನ್ನು ಅಕ್ಷರದ ಸಾಲಿಗೆ ಅಡ್ಡವಾಗಿ ಕತ್ತರಿಸಿದೆವು. ತಗಡು ಹಾಳಾಯಿತು, ಕಾಕಾ ಮುಖ ಆ ಕಡೆ ತಿರುಗಿಸಿಕೊಂಡರು.

ಮತ್ತೆ ಕೆಂಪು ದ್ರವ, ಮತ್ತೆ ಬಿಳಿ ಪುಡಿ. ಈ ಸಲ ಬಿಳಿ ಬಿಳಿಯಾಗಿಯೇ ಉಳಿಯಿತು.

ಕಾಕಾ ಗೆದ್ದ ದಿನ

ಗಾಳಿ ಹೊರಹೋಗುವ ಬಾಯಿಯ ಅಂಚು ಬರೀ ಮಡಿಕೆಯಲ್ಲ. ಅದು ಎರಡು ಕಡೆಗೂ ಬಾಗಿರುತ್ತದೆ, ಹರಿವಾಣದ ಅಂಚಿನ ಹಾಗೆ. ಅದನ್ನು ಬಡಿದೇ ತೆಗೆಯಬೇಕು. 2024 ಅದಕ್ಕೆ ಆಗುವುದಿಲ್ಲ. ಕಾಯಿಸಿ ಮೆತ್ತಗೆ ಮಾಡಿದರೆ ಅದರ ಟಿ3 ಗಟ್ಟಿತನ ಹೋಗುತ್ತದೆ. ವಾಪಸ್ ತರಬೇಕೆಂದರೆ 493 ಡಿಗ್ರಿಯ ಆಸುಪಾಸಿನಲ್ಲಿ ಅಳೆದು ಕಾಯಿಸಿ ತಟ್ಟನೆ ತಣಿಸುವ ಭಟ್ಟಿ ಬೇಕು. ನಮ್ಮಲ್ಲಿರುವುದು ಗ್ಯಾಸ್ ಕಟ್ಟರ್. ಅದಕ್ಕೆ ಸಾಹೇಬರು ಈ ಅಂಚಿಗೆ ಮಾತ್ರ 3003 ಅನ್ನುವ ಮೆತ್ತನೆಯ ತಗಡು ಕೊಟ್ಟರು. ಅದರಲ್ಲಿ ತಾಮ್ರದ ಬದಲು ಮ್ಯಾಂಗನೀಸ್ ಇರುತ್ತದೆ. ಮನೆಯ ಅಲ್ಯೂಮಿನಿಯಂ ಪಾತ್ರೆಗಳ ಜಾತಿಯದು.

ಇಲ್ಲಿ ಆಟ ತಿರುಗಿತು. ಕಾಕಾ ಹುಡುಗನಾಗಿದ್ದಾಗ ಒಬ್ಬ ತಾಂಬಟರ ಹತ್ತಿರ ಹಂಡೆ ಬಡಿಯುವುದನ್ನು ಕಲಿತವರು. ಸಾಗವಾನಿಯ ತುಂಡಿನಲ್ಲಿ ಅಂಚಿನ ಅಚ್ಚು ಕೆತ್ತಿದರು. ಉಸುಕಿನ ಚೀಲ ಬಿಗಿದು ಕಟ್ಟಿದರು. ಕೊಡತಿ ಹಿಡಿದು ಕೂತರು.

ಬಡಿಯುತ್ತಾ ಹೋದರೆ ಅಲ್ಯೂಮಿನಿಯಂ ಗಟ್ಟಿಯಾಗುತ್ತದೆ. ಆಗ ಕಾಯಿಸಿ ಮೆತ್ತಗೆ ಮಾಡಬೇಕು. ಸಮಸ್ಯೆ ಅಂದರೆ ಅಲ್ಯೂಮಿನಿಯಂ ಉಕ್ಕಿನ ಹಾಗೆ ಕೆಂಪಾಗುವುದಿಲ್ಲ. ಬಣ್ಣ ಬದಲಾಗದೆಯೇ ಒಮ್ಮೆಲೇ ಕರಗಿ ಬೀಳುತ್ತದೆ. ಸಾಹೇಬರ ಉಪಾಯ: ಅಸಿಟಿಲಿನ್ ಉರಿಯ ಮಸಿಯನ್ನು ತಗಡಿಗೆ ಬಳಿದು, ಆಮೇಲೆ ಮಸಿ ಹಾರಿಹೋಗುವವರೆಗೆ ಮಾತ್ರ ಕಾಯಿಸುವುದು. ಕಾಕಾ ಉಪಾಯ: ಬಟ್ಟೆ ಒಗೆಯುವ ಸಾಬೂನನ್ನು ಉಜ್ಜಿ, ಅದು ಕಂದಾಗಿ ಕಪ್ಪಾಗುವಾಗ ಉರಿ ತೆಗೆಯುವುದು. ಇಬ್ಬರೂ ಒಂದೊಂದು ಚೂರು ಕಾಯಿಸಿ ಬೆರಳಲ್ಲಿ ಬಗ್ಗಿಸಿ ನೋಡಿದರು. ಎರಡೂ ಒಂದೇ ಮೆತ್ತಗೆ. “ಸಾಬೂನ ಸೋವಿ ಬೀಳ್ತೈತ್ರಿ ಸಾಹೇಬ್ರ,” ಅಂದರು ಕಾಕಾ. ಮೂರು ದಿನದಲ್ಲಿ ಮೊದಲ ಸಲ ನಕ್ಕರು.

ಅಂಚಿನ ಒಳಬಾಗಿನಲ್ಲಿ ತಗಡು ಜಾಸ್ತಿಯಾಗಿ ಸೀರೆಯ ನಿರಿಗೆಯ ಹಾಗೆ ಏಳುತ್ತದೆ. ಅದನ್ನು ಚಪ್ಪಟೆ ಮಾಡುವ ಅವಸರದಲ್ಲಿ ನೇರವಾಗಿ ಬಡಿದರೆ ಒಂದರ ಮೇಲೊಂದು ಮಡಚಿಕೊಂಡು ಕೆಡುತ್ತದೆ. ಕಾಕಾ ನಿರಿಗೆಯ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಣ್ಣಗೆ ತಟ್ಟುತ್ತಾ ಬಂದರು. ನಿರಿಗೆ ತನ್ನೊಳಗೇ ಕುಗ್ಗಿ ತಗಡು ದಪ್ಪವಾಯಿತು. ನಾಲ್ಕು ಸಲ ಕಾಯಿಸಿ, ಎರಡು ದಿನ ಬಡಿದು ತೆಗೆದ ಆ ಅಂಚನ್ನು ಸಾಹೇಬರು ತಮ್ಮ ಹುಡುಗರಿಗೆ ತೋರಿಸಲು ಒಂದು ದಿನ ಒಯ್ದರು.

ರಿವೆಟ್

ಪಕ್ಕೆಯ ಹಾಳೆಯನ್ನು ರೋಲಿಂಗ್ ಮಷೀನಿನಲ್ಲಿ ಬಗ್ಗಿಸಿದ್ದು ಹೇಳುವಂಥದ್ದೇನಲ್ಲ. ತೂತು ಹಾಕಿ ಜೋಡಿಸುವಾಗ ಎರಡು ಹೊಸ ವಿಷಯ ಸಿಕ್ಕವು.

ಒಂದು, ಕ್ಲೆಕೋ. ಬೆರಳುದ್ದದ ಸ್ಪ್ರಿಂಗ್ ಪಿನ್ನು. ಇಕ್ಕಳದಲ್ಲಿ ಒತ್ತಿ ತೂತಿಗೆ ತೂರಿಸಿ ಬಿಟ್ಟರೆ ಎರಡು ತಗಡನ್ನೂ ಕಚ್ಚಿ ಹಿಡಿಯುತ್ತದೆ. ಅಳತೆಗೆ ತಕ್ಕ ಹಾಗೆ ಬಣ್ಣ, 3.2 ಮಿಮೀ ರಿವೆಟಿನ ತೂತಿಗೆ ತಾಮ್ರದ ಬಣ್ಣದ್ದು. ನಾವು ಇಷ್ಟು ವರ್ಷ ನಟ್ಟು ಬೋಲ್ಟು ಹಾಕಿ ಬಿಗಿದು ಬಿಚ್ಚಿ ಸಮಯ ಕಳೆಯುತ್ತಿದ್ದೆವಲ್ಲ ಅಂತ ಹೊಟ್ಟೆ ಉರಿಯಿತು.

ಇನ್ನೊಂದು, ರಿವೆಟನ್ನು ಅಳೆಯುವುದು. ನಮ್ಮಲ್ಲಿ ಪಾಪ್ ರಿವೆಟ್ ಗನ್ನಿನಲ್ಲಿ ಟಪ್ ಅಂದರೆ ಕೆಲಸ ಮುಗಿಯಿತು. ಇಲ್ಲಿ ಗಟ್ಟಿ ರಿವೆಟ್, ತಲೆಯ ನಡುವೆ ಒಂದು ಸಣ್ಣ ಕುಳಿ ಇರುವ ಎಡಿ ಜಾತಿಯದು. ಒಂದು ಕಡೆಯಿಂದ ಗಾಳಿ ಗನ್ನು, ಇನ್ನೊಂದು ಕಡೆ ಉಕ್ಕಿನ ಗಟ್ಟಿ ಹಿಡಿದವನು. ಲೆಕ್ಕ ಹೀಗೆ: ಎರಡು ತಗಡು ಸೇರಿ 1.6, ಅದರ ಮೇಲೆ ರಿವೆಟಿನ ವ್ಯಾಸದ ಒಂದೂವರೆ ಪಟ್ಟು ಹೊರಗೆ ಚಾಚಬೇಕು. ಒಟ್ಟು 6.4, ಹತ್ತಿರ ಹತ್ತಿರ ಕಾಲಿಂಚು. ಬಡಿದ ಮೇಲೆ ಮೂಡುವ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ. ತಗಡಿನ ಅಂಚಿನಿಂದ ತೂತಿನ ನಡುವಿಗೆ ವ್ಯಾಸದ ಎರಡು ಪಟ್ಟಾದರೂ ದೂರ. ಮೊದಲ ಸಾಲಿನಲ್ಲಿ ಹದಿನಾಲ್ಕು ರಿವೆಟ್ ಕೊರೆದು ತೆಗೆದೆವು. ಎಲ್ಲ ವಾಲಿಕೊಂಡಿದ್ದವು. ಗಟ್ಟಿ ಹಿಡಿದವನು ನಾನೇ.

ಸಂದಿ ಮುಚ್ಚಿದ್ದು

ಬ್ಯಾಫಲ್ ತಗಡು ಎರಡನ್ನೂ ಸಂಸ್ಥೆಯ ಶೆಡ್ಡಿನಲ್ಲೇ, ಎಂಜಿನ್ ಮೇಲೆಯೇ ಇಟ್ಟು ಅಳೆದು ಮಾಡಬೇಕಾಯಿತು. ಆ ದಿನ ಸಾಹೇಬರಿಗೆ ಪರೀಕ್ಷೆಯ ಕೆಲಸ, ಬರಲಿಲ್ಲ.

ಹಳೆಯ ಬ್ಯಾಫಲಿನ ಅಂಚು ಕೌಲಿಂಗಿಗೆ ಮುಟ್ಟುತ್ತಿರಲಿಲ್ಲ. ನಡುವೆ ಹೆಚ್ಚುಕಡಿಮೆ ಬೆರಳಗಲ ಸಂದಿ. ಒಣಗಿ ತುಂಡಾದ ರಬ್ಬರಿನ ಚೂರು ಅಲ್ಲಲ್ಲಿ ನೇತಾಡುತ್ತಿತ್ತು. ಕಾಕಾ ಅದನ್ನು ನೋಡಿ, “ಯಾರೋ ಸಣ್ಣದ ಕಡದಾರ, ಆಮ್ಯಾಲ ರಬ್ಬರ ತುಂಬ್ಯಾರ,” ಅಂದರು. ನನಗೂ ಹಾಗೇ ಅನಿಸಿತು. ಹೊಸದನ್ನು ಸಂದಿ ಇಲ್ಲದ ಹಾಗೆ ಕತ್ತರಿಸಿದೆವು. ಕೌಲಿಂಗಿನ ಒಳಬಾಗಿಗೆ ಸರಿಯಾಗಿ ಉಜ್ಜಿ ಉಜ್ಜಿ ಕೂರಿಸಿದರು. ಬ್ಲೇಡ್ ತೂರುತ್ತಿರಲಿಲ್ಲ. ಕಾಕಾ ಕೈಯ ಕೆಲಸ.

ಎರಡು ದಿನದ ಮೇಲೆ ಎಂಜಿನ್ ಓಡಿಸಿದರು. ಗಾಲಿಗೆ ಅಡ್ಡಗಟ್ಟೆ, ಬೆಂಕಿ ಆರಿಸುವ ಸಿಲಿಂಡರ್, ಪ್ರೊಪೆಲ್ಲರಿನ ಸಮಕ್ಕೆ ಯಾರೂ ನಿಲ್ಲದ ಹಾಗೆ ಹಗ್ಗ. ಹತ್ತು ನಿಮಿಷ ಓಡಿತು. ನಿಲ್ಲಿಸುವಾಗ ಎಂಜಿನ್ ಒಮ್ಮೆ ಎಮ್ಮೆ ಮೈಕೊಡವಿದ ಹಾಗೆ ಕೊಡವಿಕೊಂಡಿತು. ನಾವು ದೂರದಿಂದ ನೋಡಿ ಖುಷಿಪಟ್ಟೆವು.

ಕೌಲಿಂಗ್ ತೆಗೆದಾಗ ಒಳಗಡೆ ಕಮಾನಿನ ಉದ್ದಕ್ಕೂ ಒಂದು ಕಪ್ಪು ಗೆರೆ. ಬೆರಳಿಂದ ಮುಟ್ಟಿದರೆ ಕಾಡಿಗೆಯ ಹಾಗೆ ಅಂಟಿತು. ಎಣ್ಣೆ ಅಂದುಕೊಂಡೆ. ಸಾಹೇಬರು ಬಟ್ಟೆಯಿಂದ ಒರೆಸಿದರು. ಕೆಳಗೆ ಹೊಳೆಯುವ ತೋಡು. ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಉಜ್ಜಿದರೆ ಬರುವ ಪುಡಿ ಕಪ್ಪಗಿರುತ್ತದೆ. ಹತ್ತೇ ನಿಮಿಷದಲ್ಲಿ ನಮ್ಮ ಚೆಂದದ ಬ್ಯಾಫಲ್ ಗರಗಸವಾಗಿ ನಮ್ಮದೇ ಹೊಸ ಹಾಳೆಯನ್ನು ಕೊಯ್ಯಲು ಶುರುಮಾಡಿತ್ತು.

ಈ ಎಂಜಿನ್ ಲೈಕಮಿಂಗ್ ಓ-235, ನಾಲ್ಕು ಸಿಲಿಂಡರ್, ಒಟ್ಟು 3.8 ಲೀಟರ್. ಅಂದರೆ ಇದರ ಒಂದೊಂದು ಸಿಲಿಂಡರೂ ಮಾರುತಿ 800ರ ಇಡೀ ಎಂಜಿನ್ನಿಗಿಂತ ದೊಡ್ಡದು, ಅದು 796 ಸಿಸಿ. ಇಂಥದ್ದು ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ಓಡುವಾಗ ನಡುಗುತ್ತದೆ, ಶುರುವಾಗುವಾಗ ಮತ್ತು ನಿಲ್ಲುವಾಗ ಜೋರಾಗಿ ಓಲಾಡುತ್ತದೆ. ಕೌಲಿಂಗ್ ಮಾತ್ರ ವಿಮಾನದ ಮೈಗೆ ಅಂಟಿಕೊಂಡಿರುತ್ತದೆ. ಬ್ಯಾಫಲ್ ಎಂಜಿನ್ನಿನದು, ಹಾಳೆ ಮೈಯದು. ಇವೆರಡರ ನಡುವೆ ತಗಡು ತಗಡಿಗೆ ಎಂದೂ ಮುಟ್ಟಬಾರದು. ನಾವು ಅಳೆದದ್ದು ಮಲಗಿದ ಎಂಜಿನ್ನನ್ನು.

ಹಾಗಂತ ಸಂದಿ ಬಿಟ್ಟು ಸುಮ್ನೆ ಕೂರುವ ಹಾಗೂ ಇಲ್ಲ. ಗಾಳಿ ಮೂತಿಯ ಎರಡು ಬಾಯಿಯಿಂದ ಒಳಗೆ ನುಗ್ಗಿ ಎಂಜಿನ್ನಿನ ಮೇಲೆ ಒತ್ತಡ ಕಟ್ಟುತ್ತದೆ. ಬ್ಯಾಫಲ್‌ಗಳು ಅದನ್ನು ಸಿಲಿಂಡರಿನ ಮೈಮೇಲಿನ ತಣಿಸುವ ರೆಕ್ಕೆಗಳ ನಡುವೆಯೇ ಕೆಳಗಿಳಿಯುವ ಹಾಗೆ ಮಾಡುತ್ತವೆ. ಸಂದಿಯಿದ್ದರೆ ಗಾಳಿ ಸುಲಭದ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತದೆ, ಸಿಲಿಂಡರ್ ಕಾಯುತ್ತದೆ. ಸಾಹೇಬರು ಚಹಾ ಕುಡಿಯುತ್ತಾ ಹೇಳಿದ್ದು: ಅಮೆರಿಕದ ನಾಸಾಗೆ ಮೊದಲು ನಾಕಾ ಅಂತ ಸಂಸ್ಥೆ ಇತ್ತು. ದುಂಡು ಎಂಜಿನ್ನಿಗೆ ಗಾಳಿಯ ಅಡ್ಡಿ ಕಡಿಮೆ ಮಾಡುವ ಕೌಲಿಂಗ್ ಕಂಡುಹಿಡಿದದ್ದಕ್ಕೆ ಅವರಿಗೆ 1929ರ ಕೊಲಿಯರ್ ಟ್ರೋಫಿ ಬಂತು. ನಾವು ಮುಚ್ಚಳ ಅಂದುಕೊಂಡಿದ್ದ ಸಾಮಾನಿಗೆ ಅಂಥ ಬಹುಮಾನ ಅಂತ ಕಾಕಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಅಂದರೆ ಹಳೆಯ ರಬ್ಬರ್ ಯಾರದೋ ತೇಪೆಯಲ್ಲ. ಅದೇ ಅಸಲಿ ಭಾಗ. ಬ್ಯಾಫಲನ್ನು 12 ಮಿಮೀ ಹಿಂದಕ್ಕೆ ಕತ್ತರಿಸಿ, ಅಂಚು ನಯ ಮಾಡಿ, ಅದಕ್ಕೆ ಸಿಲಿಕಾನ್ ರಬ್ಬರಿನ ಪಟ್ಟಿಯನ್ನು ರಿವೆಟ್ ಮಾಡಿದೆವು. ಪಟ್ಟಿ ಬಾಗಬೇಕಾದ್ದು ಒತ್ತಡ ಇರುವ ಕಡೆಗೆ. ಆಗ ಗಾಳಿಯೇ ಅದನ್ನು ಕೌಲಿಂಗಿಗೆ ಒತ್ತಿ ಹಿಡಿಯುತ್ತದೆ. ತಿರುಗಿಸಿ ಹಾಕಿದರೆ ಗಾಳಿ ಅದನ್ನು ತೆರೆದುಕೊಂಡು ಹೋಗುತ್ತದೆ.

ಉಳಿದ ಕಡೆಯ ಸಂದಿ ನೋಡಲು ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು ತಂದೆವು. ಎಂಜಿನ್ನಿನಲ್ಲಿ ಎಲ್ಲಿ ಎತ್ತರ ಇದೆಯೋ ಅಲ್ಲೆಲ್ಲ ಗೋಲಿಯಷ್ಟು ಉಂಡೆ ಅಂಟಿಸಿ, ಕೌಲಿಂಗ್ ಮುಚ್ಚಿ ಬಿಗಿದು, ಮತ್ತೆ ಬಿಚ್ಚಿ ಉಂಡೆಯ ದಪ್ಪ ಅಳೆಯುವುದು. ಅಲುಗಾಡುವ ಭಾಗಕ್ಕೆ 12 ಮಿಮೀ, ಸೈಲೆನ್ಸರ್ ಪೈಪಿನ ಹತ್ತಿರ 25 ಅಂತ ಸಾಹೇಬರು ಮಿತಿ ಹಾಕಿದ್ದರು. ಒಂದು ಉಂಡೆ ಪೂರಿಯ ಹಾಗೆ 5 ಮಿಮೀಗೆ ಚಪ್ಪಟೆಯಾಗಿತ್ತು. ಪೈಪಿನ ಕ್ಲಾಂಪಿನ ಬೋಲ್ಟು ಹೊರಮುಖವಾಗಿ ನಿಂತಿತ್ತು. ಕ್ಲಾಂಪನ್ನು ತಿರುಗಿಸಿ ಬೋಲ್ಟನ್ನು ಒಳಗೆ ಮಾಡಿದ ಮೇಲೆ ಜಾಗ ಸಿಕ್ಕಿತು.

ಪ್ರೊಪೆಲ್ಲರಿನ ಮುಂದಿನ ಟೋಪಿಗೂ ಕೌಲಿಂಗಿಗೂ ನಡುವೆ 6 ಮಿಮೀ ಬಿಟ್ಟೆವು, ಸುತ್ತಲೂ ಒಂದೇ ಸಮ. ಸಂಸ್ಥೆಯವರು ಮೌಂಟಿನ ರಬ್ಬರನ್ನು ಹೊಸದಾಗಿ ಹಾಕಿದ್ದರು. ಸಾಹೇಬರು ಬಂದು, ಟೋಪಿ ಕೂದಲೆಳೆಯಷ್ಟು ಮೇಲೆ ಕಾಣುವ ಹಾಗೆ ಬಿಡಿ ಅಂದರು. ಹೊಸ ರಬ್ಬರ್ ಎಂಜಿನ್ನಿನ ಭಾರಕ್ಕೆ ನಿಧಾನ ಕುಸಿಯುತ್ತದೆ, ಆಗ ತಾನೇ ಸಮಕ್ಕೆ ಬರುತ್ತದೆ. ಬೇಕೆಂದೇ ಡೊಂಕಾಗಿ ಕೂರಿಸುವ ಕೆಲಸ ಕಾಕಾ ಕೈಯಿಂದ ಆಗಲಿಲ್ಲ. ಕೌಲಿಂಗ್ ಕೂರಿಸುವ ನಾಲ್ಕು ತೂತನ್ನು ನಾನೇ ಹಾಕಿದೆ.

ಮೂರು ತಿಂಗಳ ಮೇಲೆ

ದೀಪಾವಳಿ ಮುಗಿದ ಮೇಲೆ ಸಾಹೇಬರು ಕರೆದರು. ಅಷ್ಟರಲ್ಲಿ ಎಂಜಿನ್ ಹತ್ತಾರು ಸಲ ಓಡಿತ್ತು. ಬಲಪಟ್ಟಿಯ ಮಡಿಕೆಗಳಿಗೆ ಮತ್ತೆ ಕೆಂಪು ಬಿಳಿ ಹೊಡೆದು ನೋಡಿದೆವು. ಸ್ವಚ್ಛ. ಎರಡು ರಿವೆಟಿನ ಹಿಂದೆ ಕಪ್ಪು ಬಾಲ ಮೂಡಿತ್ತು, ಸಡಿಲವಾದ ಗುರುತು. ಎರಡೂ ನಾನು ಗಟ್ಟಿ ಹಿಡಿದ ಸಾಲಿನವೇ. ಕೊರೆದು ತೆಗೆದು ಹೊಸದು ಹಾಕಿದೆವು. ಟೋಪಿ ಇಳಿದು ಸಮಕ್ಕೆ ಬಂದಿತ್ತು.

ಎಣ್ಣೆಯ ಪೈಪಿನ ಒಂದು ಜೋಡಣೆಯ ಎದುರು ಮಾತ್ರ ಹಾಳೆಯ ಒಳಗೆ ತೆಳುವಾದ ಉಜ್ಜಿದ ಕಲೆ ಇತ್ತು. ಎಂಜಿನ್ ಕೆಳಗಿಳಿದಾಗ ಅದೂ ಇಳಿದಿತ್ತು. ಮಣ್ಣಿನ ಉಂಡೆ ಇಟ್ಟು ಅಳೆದರೆ 7 ಮಿಮೀ. ಕಾಕಾ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಆ ಜಾಗದ ಸುತ್ತ ಒಂದು ಗುಂಡು ಹಾಕಿ, “ಇಲ್ಲಿ ಹೊರಗ ಸ್ವಲ್ಪ ಹೊಟ್ಟಿ ತಗೀತೀನ್ರಿ,” ಅಂದರು. “ಎಷ್ಟ್ ಸಂದಿ ಬಿಡ್ಲಿ?”